ನೀರಿಗಿಳಿಯದ ಕೆಂಚೇಗೌಡರು

ಕೆಂಚೇಗೌಡರು ಇಂಜಿನ್ನಿನ ಮಾತನ್ನು ಹಲ್ಲಿನಿಂದ ಕೇಳುತ್ತಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೈಗೆ ಒತ್ತಿ, ಅದರ ಮರದ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಮೂವತ್ತು ವರ್ಷ ಡೀಸೆಲ್ ಪಂಪ್‌ಸೆಟ್ಟುಗಳ ಗದ್ದಲದಲ್ಲೇ ಬದುಕಿದ್ದರಿಂದ ಕಿವಿ ಅರ್ಧ ಹೋಗಿತ್ತು. ಹಲ್ಲು ಮಾತ್ರ ಮೂವತ್ತೆರಡೂ ಗಟ್ಟಿ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಉತ್ತರವಿಲ್ಲ, ಬಾಯಿ ಕೆಲಸದಲ್ಲಿರುತ್ತಿತ್ತು. ಆಮೇಲೆ ಹಿಡಿಯನ್ನು ಪಂಚೆಗೆ ಒರೆಸಿಕೊಂಡು, "ನಾಜಲ್ ಓಗೈತೆ" ಎಂದೋ, "ಇದುಕ್ಕೇನೂ ಆಗಿಲ್ಲ, ನಿಮ್ಗೆ ಓಡ್ಸಕೆ ಬರಕಿಲ್ಲ" ಎಂದೋ ತೀರ್ಪು ಕೊಡುತ್ತಿದ್ದರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅವರ ಅಂಗಡಿ ಹೊಳೆನರಸೀಪುರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿತ್ತು. ಅಂಗಡಿ ಎಂದರೆ ಒಂದು ತಗಡಿನ ಸೂರು, ಅಷ್ಟೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದೆಲ್ಲ ಟೆಂಪೋಗಳಲ್ಲಿ, ಎತ್ತಿನ ಗಾಡಿಗಳಲ್ಲಿ ಬಂದ ಇಂಜಿನ್ನುಗಳು ಅದರ ಮುಂದೆ ಸರದಿಯಲ್ಲಿ ಕೂತಿರುತ್ತಿದ್ದವು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ತಮ್ಮ ಇಂಜಿನ್ನಿಗೆ ಶಕ್ತಿಯೇ ಇಲ್ಲವೆಂದು ಮೂರು ಮೇಸ್ತ್ರಿಗಳಿಗೆ ತೋರಿಸಿ ಸಾಕಾಗಿ ಕೊನೆಗೆ ಇವರ ಹತ್ತಿರ ಬಂದರು. ಗೌಡರು ಇಂಜಿನ್ನಿಗೆ ಕೈ ಕೂಡ ಹಚ್ಚಲಿಲ್ಲ. ಬಸ್ಸು ಹತ್ತಿ ತೋಟಕ್ಕೇ ಹೋಗಿ, ಬಾವಿಯ ಆಳ ನೋಡಿ, ಪಂಪು ನೋಡಿ, ಪಕ್ಕದ ತೋಟದ ಪಂಪನ್ನೂ ನೋಡಿ ಬಂದರು. "ಪಕ್ಕದ ತ್ವಾಟದೋರ ಪಂಪ್ ನೋಡಿ ನೀವೂ ಅದ್ನೇ ತಂದ್ಬುಟ್ಟಿದ್ದೀರಿ. ಗಂಡೂ ಒಳ್ಳೇದೆ, ಎಣ್ಣೂ ಒಳ್ಳೇದೆ, ಜೋಡಿ ಸರಿಯಿಲ್ಲ" ಎಂದರು. ಪಂಪು ಬದಲಾಯಿತು. ಇಂಜಿನ್ನು ಮರುದಿನದಿಂದ ಮರುಮಾತಿಲ್ಲದೆ ದುಡಿಯಿತು.

ಹೊಳೆಯ ದಡದ ಊರಿನವರಾದರೂ ಅವರು ಹೊಳೆಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಕೇಳಿದರೆ, "ನೀರ್ನ ನಾವು ಮ್ಯಾಕೆತ್ತಬೇಕು, ನಾವು ನೀರ್ಗೆ ಇಳೀಬಾರ್ದು" ಎನ್ನುತ್ತಿದ್ದರು. ಪಂಪ್‌ಸೆಟ್ ಮೇಸ್ತ್ರಿಯ ತಮಾಷೆ ಎಂದುಕೊಂಡು ಎಲ್ಲರೂ ನಗುತ್ತಿದ್ದೆವು.

ನಾನು ಅವರ ಪಾಲಿಗೆ ಬಿದ್ದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮದು ದೊಡ್ಡಗದ್ದವಳ್ಳಿ ಕಡೆಯ ಪುರೋಹಿತರ ಮನೆ. ಹಾಸನದಲ್ಲಿ ಬಿ.ಕಾಂ. ಮುಗಿಸಿ, ಎಲ್ಲೂ ಕೆಲಸ ಸಿಕ್ಕದೆ, ಹೇಮಾವತಿ ಹಿನ್ನೀರಿನ ಅರಕಲಗೂಡು ಕಡೆಯ ದಡದಲ್ಲಿದ್ದ ಮೀನುಗಾರರ ಸಂಘವೊಂದಕ್ಕೆ ಕಾರ್ಯದರ್ಶಿಯಾಗಿ ಸೇರಿದ್ದೆ. ಮೀನಿನ ಬೆಲೆ ಬರೆಯುವವನಿಗೆ ಮೀನಿನ ರುಚಿ ಗೊತ್ತಿರಲಿಲ್ಲ. ಶನಿವಾರ ಮನೆಗೆ ಹೋದರೆ ಅಮ್ಮ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಕ್ಕೆ ಬಿಟ್ಟುಕೊಳ್ಳುತ್ತಿದ್ದಳು.

ಆಗ ಅಲ್ಲಿ ಇದ್ದದ್ದೆಲ್ಲ ತೆಪ್ಪಗಳು. ಬಲೆ ಹಾಕುವುದು ಆಚೆ ದಡದಲ್ಲಿ. ಹೋಗುವುದೇನೋ ಸುಲಭ, ಗಾಳಿಕಾಲದಲ್ಲಿ ವಾಪಸು ಬರುವಾಗ ಗಾಳಿ ಎದುರಿಗೇ ಇರುತ್ತಿತ್ತು. ನಾನು ಸೇರುವುದಕ್ಕೆ ಹಿಂದಿನ ವರ್ಷ ಎರಡು ತೆಪ್ಪ ಮಗುಚಿ, ಒಬ್ಬ ಹುಡುಗ ಸಿಕ್ಕಲೇ ಇಲ್ಲ. ಅವನು ಜಯಮ್ಮನ ಮೈದುನ. ಜಯಮ್ಮ ಗಂಡ ಸಣ್ಣಪ್ಪನ ಜೊತೆ ತಾನೂ ನೀರಿಗೆ ಹೋಗುತ್ತಿದ್ದ ಗಟ್ಟಿಗಿತ್ತಿ. ಇಂಜಿನ್ ದೋಣಿ ಬೇಕೆಂದು ಸಂಘದ ಸಭೆಯಲ್ಲಿ ಹಟ ಹಿಡಿದು ಕೂತವಳೂ ಅವಳೇ. ಅಂತೂ ಕರಾವಳಿಯಿಂದ ಲಾರಿಯ ಮೇಲೆ ಇಪ್ಪತ್ತೆರಡು ಅಡಿಯ ಫೈಬರ್ ದೋಣಿ ಬಂತು. ಜೊತೆಗೆ ಒಂದು ಡೀಸೆಲ್ ಇಂಜಿನ್ನು, ಒಂದು ಉದ್ದನೆಯ ಶಾಫ್ಟು, ಗೋಣಿಚೀಲದಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಪ್ರೊಪೆಲ್ಲರುಗಳು. ಶಾಫ್ಟಿನ ತುದಿಯಲ್ಲಿ ಸುತ್ತಿ ದೋಣಿಯನ್ನು ನೂಕುವ ಈ ಪ್ರೊಪೆಲ್ಲರನ್ನು ನಮ್ಮವರು ಫ್ಯಾನು ಎಂದೇ ಕರೆದರು. ನಿಮ್ಮ ನೀರು, ನಿಮ್ಮ ಹೊರೆ ನೋಡಿಕೊಂಡು ಯಾವುದು ಸರಿಯೋ ಅದನ್ನು ಹಾಕಿಸಿಕೊಳ್ಳಿ ಎಂದು ಮಾರಿದವರು ಹೇಳಿ ಕಳಿಸಿದ್ದರು. ಕೂರಿಸಿಕೊಡುವ ಮನುಷ್ಯ ಮಳೆಗಾಲ ಕಳೆದ ಮೇಲೆ ಬರುತ್ತಾನಂತೆ. ಗಾಳಿಕಾಲಕ್ಕೆ ಇನ್ನು ಮೂರೇ ವಾರ ಇತ್ತು.

ನಾನು ಕೆಂಚೇಗೌಡರ ಅಂಗಡಿಗೆ ಹೋಗಿ ವಿಷಯ ಹೇಳಿದೆ. ದೋಣಿಯ ಕೆಲಸ ಮಾಡಿದ್ದೀರಾ ಎಂದು ಅಳುಕುತ್ತಲೇ ಕೇಳಿದ್ದಕ್ಕೆ, ಇಂಜಿನ್ನಿಗೆ ತಾನು ಬಾವಿಯ ಮೇಲೆ ಕೂತಿದ್ದೇನೋ ದೋಣಿಯಲ್ಲಿ ಕೂತಿದ್ದೇನೋ ಎಂದು ಗೊತ್ತಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಮರುದಿನ ಮೊದಲ ಬಸ್ಸಿಗೇ ಬಂದಿಳಿದರು.

ಮೂರು ದಿನ ದೋಣಿಯನ್ನು ದಡದ ಮೇಲೆ ದಿಮ್ಮಿಗಳಿಗೆ ಒರಗಿಸಿ ಕೆಲಸ ಮಾಡಿದರು. ಆ ಕೆಲಸ ನೋಡಲು ಚೆಂದ. ಇಂಜಿನ್ನೂ ಶಾಫ್ಟೂ ಕೂಡುವ ಜಾಗದಲ್ಲಿ ಎರಡು ಬಿಲ್ಲೆಗಳು ಒಂದಕ್ಕೊಂದು ಸರಿಯಾಗಿ ಮುಖಾಮುಖಿ ಕೂರಬೇಕು. ಗೌಡರು ಜೇಬಿನಿಂದ ಹಳೆಯ ಬಸ್ ಟಿಕೆಟ್ ತೆಗೆದು ಆ ಸಂದಿಯ ಸುತ್ತ ತೂರಿಸಿ ನೋಡುವರು. ಒಂದು ಕಡೆ ಟಿಕೆಟ್ಟು ಸಲೀಸಾಗಿ ಹೋಗಿ ಇನ್ನೊಂದು ಕಡೆ ಸಿಕ್ಕಿಕೊಂಡರೆ, ಇಂಜಿನ್ನಿನ ಕಾಲ ಕೆಳಗೆ ತಗಡಿನ ಚೂರು ಇಟ್ಟು ಮತ್ತೆ ಬಿಗಿಯುವರು. ಸುತ್ತಲೂ ಒಂದೇ ಬಿಗಿ ಬರುವತನಕ ಊಟಕ್ಕೆ ಏಳಲಿಲ್ಲ. ಫ್ಯಾನಿನ ಗುಟ್ಟನ್ನೂ ನನಗೆ ಅವರೇ ಹೇಳಿಕೊಟ್ಟರು. ಅದರ ರೆಕ್ಕೆಗೆ ಒಂದು ಓರೆ ಇರುತ್ತದೆ; ನಮ್ಮ ಮೂರರಲ್ಲಿ ದೊಡ್ಡದಕ್ಕೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಓರೆ ಹೆಚ್ಚಿದ್ದರೆ ಒಂದು ಸುತ್ತಿಗೆ ದೋಣಿ ಹೆಚ್ಚು ದೂರ ನುಗ್ಗುತ್ತದೆ, ಆದರೆ ಇಂಜಿನ್ನಿಗೆ ಭಾರ. ಓರೆ ಕಡಿಮೆಯಿದ್ದರೆ ಇಂಜಿನ್ನಿಗೆ ಹಗುರ, ದೋಣಿಗೆ ಓಟವಿಲ್ಲ. ಎರಡೂ ಒಪ್ಪುವ ಜಾಗ ಹುಡುಕಬೇಕು.

ನಾಲ್ಕನೆಯ ದಿನ ದೋಣಿಯನ್ನು ನೀರಿಗಿಳಿಸಿ, ದಡದ ಹೊಂಗೆಮರಕ್ಕೆ ಹಗ್ಗ ಬಿಗಿದು ಕಟ್ಟಿದರು. ಸಣ್ಣಪ್ಪ ದೋಣಿಯೊಳಗೆ ಕೂತು ಇಂಜಿನ್ ಓಡಿಸಿದ. ಗೌಡರು ದಡದ ಬಂಡೆಯ ಮೇಲೆ ನಿಂತು, ಸ್ಕ್ರೂಡ್ರೈವರ್ ಸಾಲದೆಂದು ಮೂರಡಿಯ ಕಬ್ಬಿಣದ ಸಲಾಕೆಯನ್ನು ಇಂಜಿನ್ನಿಗೆ ತಾಗಿಸಿ, ಅದರ ಈ ತುದಿಯನ್ನು ಕಚ್ಚಿ ಹಿಡಿದರು. ದೊಡ್ಡ ಫ್ಯಾನಿಗೆ ಇಂಜಿನ್ನು ಏದುಸಿರು ಬಿಟ್ಟು ಕರಿಹೊಗೆ ಉಗುಳಿತು. ನಡುವಿನದಕ್ಕೂ ಸ್ವಲ್ಪ ಹೊಗೆ. ಸಣ್ಣದಕ್ಕೆ ಒಂದೇ ಸಮನೆ ಹಾಡಿತು. "ಇದೇ ಜೋಡಿ" ಎಂದರು. ತೆಂಗಿನಕಾಯಿ ಒಡೆದೆವು. ಅವರು ಒಂದು ಸಲವೂ ದೋಣಿಗೆ ಕಾಲಿಡಲಿಲ್ಲ ಎಂಬುದನ್ನು ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

ಮಾರನೆಯ ದಿನವೇ ಜಯಮ್ಮ, ಸಣ್ಣಪ್ಪ ಬಲೆ ತುಂಬಿಕೊಂಡು ಆಚೆ ದಡಕ್ಕೆ ಹೋದರು. ಮಧ್ಯಾಹ್ನ ಎಲ್ಲರೂ ಅಂದುಕೊಂಡದ್ದಕ್ಕಿಂತ ಮೊದಲೇ ಗಾಳಿ ಎದ್ದಿತು. ಗೌಡರು ಮೊದಲ ದೋಣಿ ಬರುವುದನ್ನು ನೋಡಿಕೊಂಡೇ ಊರಿಗೆ ಹೋಗುತ್ತೇನೆಂದು ನನ್ನ ಜೊತೆ ದಡದಲ್ಲಿ ಕೂತಿದ್ದರು. ದೂರದಲ್ಲಿ ದೋಣಿ ಕಂಡಿತು. ಇಂಜಿನ್ನಿನ ಕಿರುಚಾಟ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಲು ಗಂಟೆ ಕಳೆದರೂ ದೋಣಿ ಅಲ್ಲೇ ಇತ್ತು. ಆಮೇಲೆ ನೋಡುತ್ತಿದ್ದಂತೆಯೇ ಪಕ್ಕಕ್ಕೆ, ಮುಳುಗಿದ ಮರಗಳ ತಲೆಗಳು ಕಾಣುವ ಕಡೆಗೆ ಜಾರತೊಡಗಿತು. ಗೌಡರು ಎದ್ದು ನಿಂತು ಕಿವಿಯ ಹಿಂದೆ ಅಂಗೈ ಒಡ್ಡಿ ಹಿಡಿದರು.

"ಸಬ್ದ ಬತ್ತೈತೆ," ಎಂದರು. "ದೋಣಿ ಬತ್ತಿಲ್ಲ."

ನನಗೆ ಆ ಹೊತ್ತಿನಲ್ಲಿ ಆದ ಭಯ ಈಗಲೂ ನೆನಪಿದೆ. ದೋಣಿ ಕೊಳ್ಳುವ ಕಾಗದಕ್ಕೆ ಸಹಿ ಹಾಕಿದವನು ನಾನು. ಒಂದೇ ಮನೆಯಿಂದ ಇನ್ನಿಬ್ಬರು ಹೋದರೆ ಸಣ್ಣಪ್ಪನ ಮುದಿತಾಯಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಜಯಮ್ಮ ಹಿಡಿದ ಮೀನನ್ನೆಲ್ಲ ನೀರಿಗೆ ಸುರಿದು, ದೋಣಿ ಹಗುರ ಮಾಡಿಕೊಂಡು, ನೀರಿನೊಳಕ್ಕೆ ಚಾಚಿದ ನೆಲದ ಮರೆ ಹಿಡಿದು ಅಂಚಿನಲ್ಲೇ ತೆವಳಿಸುತ್ತಾ ಸಂಜೆಯ ಹೊತ್ತಿಗೆ ದಡ ಮುಟ್ಟಿಸಿದಳು. ಇಳಿದವಳು ನನ್ನ ಕಡೆ ನೋಡಲಿಲ್ಲ. ನೇರ ಗೌಡರ ಮುಂದೆ ನಿಂತಳು.

"ಕಟ್ಟಾಕಿದ್ದಾಗ ಚೆನ್ನಾಗೇ ಇತ್ತು, ಗೌಡ್ರೇ. ಬಿಚ್ಚಿದ ಮ್ಯಾಲೆ ಎಂಗಾಯ್ತದೆ ಅಂತ ನೀವು ಒಂದ್ಸಲ ಕೂತು ನೋಡಿದ್ರೆ ಆಯ್ತಿತ್ತು."

ಗೌಡರು ಆ ದಿನ ಊರಿಗೆ ಹೋಗಲಿಲ್ಲ. ಬೆಳಗ್ಗೆ ಚಾ ಅಂಗಡಿಯಲ್ಲಿ ನನ್ನ ಎದುರು ಕೂತು, ಲೋಟ ಮುಟ್ಟದೆ, ಮೆಲ್ಲಗೆ ಹೇಳಿದರು: "ಐನೋರೆ, ನಂಗೆ ಈಜು ಬರಕಿಲ್ಲ. ಹೊಳೆ ಊರಾಗೆ ಉಟ್ಟಿ ಮೊಣಕಾಲ್ ಮಟ್ಟ ನೀರ್ಗೂ ಇಳಿದೋನಲ್ಲ. ನೀರ್ ಕಂಡ್ರೆ ಎದೆ ಒಡ್ಕೊತದೆ. ಅದಕ್ಕೇ ದಡದಾಗೆ ನಿಂತು ನೋಡ್ಬುಟ್ಟೆ." ಆಮೇಲೆ, "ನಿಂತ ಎತ್ತಿನ ಉಸ್ರು ಕೇಳಿ ಗಾಡಿ ಎಂಗೆ ಎಳೀತದೆ ಅಂತ ಏಳ್ದಂಗಾಯ್ತು" ಎಂದರು.

ತಪ್ಪು ಎಲ್ಲಿತ್ತೆಂದು ಅವರೇ ಬಿಡಿಸಿ ಹೇಳಿದರು. ಪಂಪ್‌ಸೆಟ್ಟು ನಿಂತಲ್ಲೇ ದುಡಿಯುವ ಯಂತ್ರ, ನಿಂತಲ್ಲೇ ಪರೀಕ್ಷೆ ಸಾಕು. ದೋಣಿಯನ್ನು ಮರಕ್ಕೆ ಕಟ್ಟಿದರೆ ಫ್ಯಾನು ಕದಲದ ನೀರನ್ನು ದೂಡಬೇಕು, ಸರಿಯಾದ ಫ್ಯಾನಿಗೂ ಇಂಜಿನ್ನು ಏದುತ್ತದೆ. ಹೊರಟ ದೋಣಿಗೆ ನೀರು ತಾನೇ ಎದುರು ಬರುತ್ತದೆ, ಭಾರ ಇಳಿಯುತ್ತದೆ. ಕಟ್ಟಿಹಾಕಿದಾಗ ಹಾಡಿದ ಫ್ಯಾನು ಬಿಚ್ಚಿದ ಮೇಲೆ ನೀರನ್ನು ಕಡೆಯುವುದಕ್ಕಷ್ಟೇ ಲಾಯಕ್ಕು.

ಕರಾವಳಿಯವರು ಕೆಟ್ಟ ಫ್ಯಾನು ಕೊಟ್ಟರು ಎಂದಿದ್ದರೆ ಇಡೀ ಊರು ನಂಬುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮೀನುಗಾರರನ್ನೆಲ್ಲ ಹೊಂಗೆಮರದ ಕೆಳಗೆ ಕರೆಸಿ, ನನಗೆ ಹೇಳಿದ್ದನ್ನೇ ಎಲ್ಲರ ಮುಂದೆ ಹೇಳಿದರು. ಮೂವತ್ತು ವರ್ಷ ಯಾರ ಮುಂದೆಯೂ ತಪ್ಪು ಒಪ್ಪದ ಮೇಸ್ತ್ರಿ ತನ್ನ ಭಯವನ್ನು ಹೀಗೆ ಬಯಲಿಗಿಟ್ಟದ್ದು ಕಂಡು ನನಗೆ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಗೌಡರೂ ನಕ್ಕರು. "ಚೆನ್ನಾಗೈತೆ ನಿಮ್ಮ ಸಂಗ. ಮೀನ್ ತಿನ್ನದ ಕಾರ್ಯದರ್ಸಿ, ನೀರ್ಗಿಳಿಯದ ಮೇಸ್ತ್ರಿ. ಇವತ್ತು ಒಬ್ಬ ಇಳೀತಾನೆ."

ನೀರಿಗೆ ಬಿದ್ದರೂ ತೇಲಲೆಂದು ಜಯಮ್ಮ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಹಗ್ಗದಿಂದ ಅವರ ಬೆನ್ನಿಗೆ ಬಿಗಿದು ಕಟ್ಟಿದಳು. ದೋಣಿಗೆ ಒಂದು ದಿನದ ಮೀನು, ಬಲೆ, ಜನ ಎಲ್ಲ ಸೇರಿದಷ್ಟು ತೂಕದ ಮರಳಿನ ಚೀಲ ಹಾಕಿಸಿದವರು ಗೌಡರೇ. ಗಾಳಿ ಏಳುವತನಕ ಕಾಯಿಸಿದವರೂ ಅವರೇ. ಮೊದಲು ದೊಡ್ಡ ಫ್ಯಾನು. ಸಣ್ಣಪ್ಪ, ಜಯಮ್ಮನ ನಡುವೆ, ಇಂಜಿನ್ನಿಗೆ ಅಂಟಿಕೊಂಡಂತೆ ಕೂತು, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು, ಸ್ಕ್ರೂಡ್ರೈವರ್ ಕಚ್ಚಿ ಹೊರಟರು. ಕರಿಹೊಗೆ ದಡಕ್ಕೇ ಕಂಡಿತು. ವಾಪಸು ಬಂದು, ದೋಣಿಯನ್ನು ಎಳೆದು ಮೇಲೆ ಹಾಕಿ, ನಡುವಿನ ಫ್ಯಾನು ಹಾಕಿ ಮತ್ತೆ ಹೊರಟರು. ಗಾಳಿ ಜೋರಾಗಿತ್ತು, ಅಲೆ ಅಂಚು ದಾಟಿ ಒಳಕ್ಕೆ ಹಾರುತ್ತಿತ್ತು. ಹೊರೆ ಹೊತ್ತ ದೋಣಿ ಆಚೆ ದಡದ ಅರ್ಧ ದಾರಿಗೆ ಹೋಗಿ ತಿರುಗಿ, ಗಾಳಿಗೆ ಎದುರಾಗಿ, ಹೊಗೆಯಿಲ್ಲದೆ, ಕಿರುಚಾಟವಿಲ್ಲದೆ, ನಾವು ನೋಡುತ್ತಿದ್ದ ಹಾಗೆಯೇ ದೊಡ್ಡದಾಗುತ್ತಾ ಬಂತು. ಗೌಡರು ದಡಕ್ಕೆ ಕಾಲಿಟ್ಟವರೇ ಅಲ್ಲೇ ನೆಲದ ಮೇಲೆ ಕೂತರು. "ಇನ್ನೂ ಒಸಿ ದಮ್ ಉಳ್ಕೊಂಡೈತೆ ಅದ್ಕೆ. ಅಷ್ಟಿರ್ಬೇಕು" ಎಂದರು. ಆಮೇಲೆ ಕಾಫಿ ಕೇಳಿದರು.

ಅಲ್ಲಿಂದ ಮುಂದೆ ಪ್ರತಿವರ್ಷ ಗಾಳಿಕಾಲದ ಮುಂಚೆ ಅವರು ತಪ್ಪದೆ ಬರುತ್ತಿದ್ದರು. ಕ್ಯಾನು ಕಟ್ಟಿಸಿಕೊಂಡು, ಮರಳು ಹೇರಿಸಿ, ಒಂದು ಸುತ್ತು ಹೋಗಿ ಬರುತ್ತಿದ್ದರು. ಭಯ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ದೋಣಿಗಳು ಎರಡಾದವು, ಮೂರಾದವು. ಆ ದಡದಿಂದ ಮತ್ತೆ ಯಾರೂ ನೀರುಪಾಲಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಹಾಸನದಲ್ಲಿ ಬೇರೆ ಕೆಲಸ ಸಿಕ್ಕಿತು. ಒಂದು ಬೆಳಗ್ಗೆ ಗೌಡರ ಮಗ ಫೋನ್ ಮಾಡಿದ. ಅಪ್ಪ ಅಂಗಡಿಯ ಬೀಗ ತೆಗೆಯುತ್ತಿದ್ದಾಗಲೇ ಕುಸಿದರು, ಮೂರು ಗಂಟೆಗೆ ಹೊಲದಲ್ಲಿ ಮಣ್ಣು ಎಂದ. ಸಂಘಕ್ಕೂ ತಿಳಿಸಿದ್ದನಂತೆ. ನಾನು ಕೈಲಿದ್ದ ಕೆಲಸ ಮುಗಿಸಿ, ಎರಡು ಬಸ್ಸು ಬಿಟ್ಟು, ಮೂರನೆಯದು ಹತ್ತಿದೆ. ಅದು ರೈಲ್ವೆ ಗೇಟಿನಲ್ಲಿ ನಿಂತಿತು. ಹೊಲ ತಲುಪಿದಾಗ ಎಲ್ಲ ಮುಗಿದು ಜನ ಕೈಕಾಲು ತೊಳೆಯುತ್ತಿದ್ದರು.

ಬದುವಿನ ಮೇಲೆ ಸಂಘದವರು ಕೂತಿದ್ದರು, ಬಟ್ಟೆ ಇನ್ನೂ ಒದ್ದೆ. ಸಣ್ಣಪ್ಪ ನಡೆದದ್ದನ್ನು ಹೇಳಿದ. ಸುದ್ದಿ ಬಂದಾಗ ಅವರೆಲ್ಲ ಆಚೆ ದಡದಲ್ಲಿ ಬಲೆ ಬಿಡಿಸುತ್ತಿದ್ದರು. ಗಾಳಿ ಭಾರಿ ಎದ್ದಿತ್ತು. ದೋಣಿ ಬೇಡ, ಆ ದಡದಿಂದಲೇ ಹಾಸನದ ಮೇಲೆ ಬಸ್ಸಿನಲ್ಲಿ ಸುತ್ತಿ ಹೋಗೋಣ ಎಂದು ಹಿರಿಯರು ಹೇಳಿದರಂತೆ. ಅಷ್ಟು ಸುತ್ತಿದರೆ ಕೊನೆಯ ಸಲ ಮುಖ ನೋಡಲು ಸಿಗುವುದಿಲ್ಲ, ನೀರು ದಾಟಿದರೆ ನಮ್ಮ ದಡದಿಂದ ದಾರಿ ಹತ್ತಿರ ಎಂದು ಜಯಮ್ಮ ಇಂಜಿನ್ ಚಾಲೂ ಮಾಡಿದಳಂತೆ. ಹೊಲಕ್ಕೆ ಬಂದವಳು ಎಲ್ಲರಂತೆ ಅಳಲಿಲ್ಲವಂತೆ. ಮಣ್ಣು ಹಾಕುವ ಮೊದಲು ಮುಂದೆ ಹೋಗಿ, ಗೌಡರ ಹತ್ತಿರ ಯಾವಾಗಲೂ ಮಾತಾಡುತ್ತಿದ್ದ ಅದೇ ದೊಡ್ಡ ದನಿಯಲ್ಲಿ, ನೆರೆದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳಂತೆ:

"ಗೌಡ್ರೇ, ಎಂಟ್ ಜನ ಬಂದಿದ್ದೀವಿ. ಎದುರು ಗಾಳಿ. ಎಲ್ರೂ ದಡ ಸೇರಿದ್ವಿ."