ಬುಡೇನ್ ಸಾಬರ ಹೊಲದ ಪಾಠ

ಹರಿಹರದ ಕಮ್ಮಾರ ಬುಡೇನ್ ಸಾಬ್ ದಾವಣಗೆರೆಯ ಕೃಷಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಬ್ಬಿಣದ ಕೆಲಸ ಕಲಿಸುತ್ತಿದ್ದರು. ೧೯೬೩ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮಾಡಿದ ಬಿತ್ತುವ ಕೂರಿಗೆಯನ್ನು ಲೋಕಿಕೆರೆ ಹಳ್ಳಿಯ ಜಿಗುಟು ಕಪ್ಪುಮಣ್ಣಿನ ಎರೆಹೊಲದಲ್ಲಿ ಎತ್ತುಗಳಿಗೆ ಹೂಡಿದರು. ಅದು ಆಳಕ್ಕೆ ಹೂತುಕೊಂಡಿತು; ಎತ್ತೊಂದು ಮುಗ್ಗರಿಸಿ ಕಾಲು ಮುರಿದುಕೊಂಡಿತು.

ಸಾಬರ ಮೈಯೆಲ್ಲ ಉರಿದುಹೋಯಿತು. ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು.

"ಪಾಠದಾಗೆ ಇಂಗ್ಲೆಂಡಿನ ಗೋಧಿ ಹೊಲ ಐತೆ, ನಮ್ಮ ಎರೆಮಣ್ಣು ಯಾಕಿಲ್ರಿ? ಈ ಹುಡುಗ್ರು ಒಂದಿನಾನೂ ಹೊಲ ತುಳಿದಿಲ್ಲ!"

"ಪಠ್ಯಕ್ರಮ ನಿಮ್ಮ ಕೆಲಸ ಅಲ್ಲ, ಸಾಬ್ರೇ."

"ಎತ್ತಿನ ಕಾಲು ಮುರಿಯೋದು ನಿಮ್ಮ ಕೆಲ್ಸೇನ್ರಿ, ಹಂಗಾದ್ರೆ?"

ಮರುದಿನ ಅವರು ವರ್ಕ್‌ಶಾಪಿಗೆ ಬೀಗ ಜಡಿದು, ವಿದ್ಯಾರ್ಥಿಗಳನ್ನೆಲ್ಲ ಲೋಕಿಕೆರೆಗೆ ಕರೆದೊಯ್ದು ದಿನವಿಡೀ ಬಿತ್ತಿಸಿದರು. ಅದಕ್ಕೇ ಕೆಲಸ ಹೋಯಿತು.

ಮುಂದಿನ ವರ್ಷ ಪಠ್ಯಕ್ರಮಕ್ಕೆ ಹದಿನೈದು ದಿನದ ಹೊಲದ ಕೆಲಸ ಸೇರಿತು. ಹರಿಹರದ ಕುಲುಮೆಯಲ್ಲಿ ಸುದ್ದಿ ಕೇಳಿದ ಸಾಬರು, "ನಾಕು ವರ್ಷದ ಓದಿಗೆ ಬರೇ ಹದಿನೈದು ದಿನಾನಾ?" ಎಂದು ಕಾದ ಕಬ್ಬಿಣವನ್ನು ರಪ್ಪನೆ ಬಡಿದರು.