ಗುಲಗಂಜಿ ಹುಳದ ಮರಿ

ಹುಳ ಕಂಡರೆ ಮಾರುದೂರ ಜಿಗಿಯುವ ಜಾತಿ ನನ್ನದು. ಅಂಥವನು ಈಗ ಬಳ್ಳಾರಿಯ ನಮ್ಮ ಮಾಳಿಗೆಯ ಮೇಲೆ ದಿನಾ ಹುಳ ಹುಡುಕುತ್ತ ಕೂಡುತ್ತೇನೆ. ತೀರಿಹೋದ ಹೆಂಡತಿ ಬೆಳೆಸಿದ ದಾಸವಾಳಕ್ಕೆ ರಸ ಹೀರುವ ಗಿಡದ ಹೇನು ಹತ್ತಿದೆ. ಔಷಧಿ ಹೊಡೆಯಲು ಅವಳೆಂದೂ ಬಿಟ್ಟವಳಲ್ಲ. "ತಡ್ಕೊಳ್ರಿ, ಗುಲಗಂಜಿ ಹುಳ ಬರ್ತಾವು, ಹೇನು ತಿಂತಾವು," ಎನ್ನುತ್ತಿದ್ದಳು. ಈ ಗಿಡವೂ ಹೋದರೆ ಅವಳು ಇನ್ನೊಮ್ಮೆ ಹೋದಂತೆ ಎಂಬ ಭಯ ನನಗೆ.

ಗುಲಗಂಜಿ ಹುಳ ಗೊತ್ತಲ್ಲ? ಕೆಂಪು ಬೆನ್ನು, ಕರಿ ಚುಕ್ಕಿ. ಗುಲಗಂಜಿ ಬೀಜದಿಂದ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದರು. ಆ ಹೆಸರು ಹೊತ್ತ ಹುಳಕ್ಕೂ ಒಂದಿಷ್ಟು ಮರ್ಯಾದೆ ಬಂತು. ಪರದೇಶಗಳಲ್ಲಿ ಇದು ಮೈಮೇಲೆ ಕೂತರೆ ಅದೃಷ್ಟವಂತೆ. ನಮ್ಮ ಸಿರುಗುಪ್ಪದ ಗದ್ದೆಗಳಲ್ಲಿ ನಾವು ಕೊಡವಿಕೊಂಡು ಮುಂದೆ ಹೋಗುತ್ತಿದ್ದೆವು. ಮೊಬೈಲು ನೋಡಿ ಪಂಡಿತನಾದ ಮೇಲೆ ಇನ್ನೊಂದು ತಿಳಿಯಿತು: ಇದರ ಮರಿ ಅವ್ವನನ್ನು ಎಳ್ಳಷ್ಟೂ ಹೋಲುವುದಿಲ್ಲ. ಕಪ್ಪಗೆ, ಮುಳ್ಳುಮುಳ್ಳಾಗಿ, ಪುಟ್ಟ ಮೊಸಳೆಯಂತಿರುತ್ತದೆ. ಹೇನು ತಿನ್ನುವುದರಲ್ಲಿ ಮಾತ್ರ ಅವ್ವನಿಗಿಂತ ಒಂದು ಕೈ ಮೇಲು.

ಹೋದ ವಾರ ದಾಸವಾಳದ ತುಂಬ ಆ ಮರಿಗಳೇ ಕಂಡವು. ಖುಷಿಗೆ ಕಣ್ಣು ತುಂಬಿತು. ಯಾರಿಗೆ ಹೇಳಲಿ?

ಮರುದಿನ ಕುರುಗೋಡಿನಿಂದ ಅತ್ತೆ ಬಂದರು. ಜೀವಮಾನವಿಡೀ ಮೆಣಸಿನಕಾಯಿ ಹೊಲದಲ್ಲಿ ಕೀಡಿ ಆರಿಸಿದ ಕೈ ಅವರದು. ನಾನು ಚಹಾ ಕಾಸಿ, ಅರ್ಧ ಉಕ್ಕಿಸಿ, ಉಳಿದದ್ದನ್ನು ಮೇಲೆ ಒಯ್ಯುವಷ್ಟರಲ್ಲಿ ಉಪ್ಪುನೀರಿನ ಡಬ್ಬಿಯಲ್ಲಿ ಮರಿಗಳು ತೇಲುತ್ತಿದ್ದವು.

"ನನ್ನ ಮಗಳ ಗಿಡ ತಿನ್ನಾಕ ಹತ್ತಿದ್ವು ನೋಡ್ರಿ ಈ ಕೀಡಿ. ಒಂದೂ ಬಿಟ್ಟಿಲ್ಲ," ಎಂದರು. ಮಗಳು ಹೋದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಸಮಾಧಾನ ಕಂಡೆ.

ಹೇಳಲೋ, ಬೇಡವೋ? ಅಯ್ಯೋ, ಹೇಗೆ ಹೇಳಲಿ? ಅಷ್ಟರಲ್ಲಿ ಎಲೆಯ ಹಿಂದೆ ಉಳಿದಿದ್ದ ಒಂದು ಮರಿಯತ್ತ ಅವರ ಕೈ ಹೋಯಿತು.

"ಇರ್ಲಿ ಬಿಡ್ರಿ ಅತ್ತಿ. ಅದು ಗುಲಗಂಜಿ ಹುಳದ ಮರಿ. ಹೇನು ತಿಂದು ಗಿಡ ಉಳಸ್ತೈತಿ."

ಅವರು ಡಬ್ಬಿಯೊಳಗೆ ಬಗ್ಗಿ ನೋಡಿದರು. "ಇವುಗಳ ಅವ್ವ ಎಲ್ಲೈತ್ರಿ?"

"ತತ್ತಿ ಇಟ್ಟು ಹಾರಿ ಹೋಗಿರ್ತೈತಿ. ಮರಿ ಮುಖ ನೋಡಂಗಿಲ್ಲ."

"ಪುಣ್ಯವಂತಿ," ಎಂದರು ಅತ್ತೆ.

ಅತ್ತೆ ಆ ಮರಿಯನ್ನು ಬೆರಳ ತುದಿಗೆ ಹತ್ತಿಸಿಕೊಂಡು, ಹೇನು ಮುತ್ತಿದ್ದ ಮೊಗ್ಗಿನ ಮೇಲೆ ಬಿಟ್ಟರು. ಆಸ್ಪತ್ರೆಯಲ್ಲಿ ಗಂಜಿಯ ಬಟ್ಟಲು ಹಿಡಿದು ಮಗಳ ಮುಂದೆ ಕೂತಾಗ ಆಡುತ್ತಿದ್ದ ಮಾತನ್ನೇ ಆಡಿದರು: "ಉಣ್ಣವ್ವಾ. ಒಂದ್ ತುತ್ತರ ಉಣ್ಣು."

ಮರಿ ಉಂಡಿತು.