ತಣ್ಣೀರು ಏಳುವ ಇಳಿಜಾರು

ನಮಿತಾಳಿಗೆ ಕೂತಲ್ಲಿ ಕೂರಲು ಬಾರದು ಎನ್ನುವುದು ಮುಂಬಯಿಯ ಬೊರಿವಲಿಯ ಅವರ ಹೋಟೆಲಿನ ಕೆಲಸದವರಿಗೆಲ್ಲ ಗೊತ್ತಿತ್ತು. ಉಡುಪಿ ಕಡೆಯಿಂದ ಬಂದು ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟ ಅವಳ ಅಪ್ಪ ಅಣ್ಣು, ಮಗಳ ಚಡಪಡಿಕೆ ಸ್ವಲ್ಪ ತಗ್ಗಲಿ ಎಂದು ಚಿಕ್ಕಂದಿನಲ್ಲೇ ಅವಳನ್ನು ಈಜು ಕಲಿಯಲು ಹಾಕಿದರು. ಅದು ತಗ್ಗಲಿಲ್ಲ. ಕೊಳ ಸಾಲದಾಗಿ ಸಮುದ್ರ ಬೇಕಾಯಿತು. ಸಾಗರವಿಜ್ಞಾನ ಓದಿದಳು, ಡೈವಿಂಗ್ ಕಲಿತಳು, ಕೊನೆಗೆ ಪೇಟೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹವಳ ಬೆಳೆಸುವ ಕೆಲಸ ಹಿಡಿದಳು.

ಆ ವರ್ಷ ಬೇಸಿಗೆಯಲ್ಲಿ ದಕ್ಷಿಣದ ಕರಾವಳಿಯ ಮಾಲವಣದ ಆಚೆಯ ಹವಳದ ದಿಬ್ಬಕ್ಕೆ ಇಳಿದಾಗ ನೀರು ಸ್ನಾನಕ್ಕೆ ಕಾಯಿಸಿಟ್ಟ ಹಾಗಿತ್ತು. ಕಂದು ಬಣ್ಣದ ಹವಳಗಳು ಅಲ್ಲಲ್ಲಿ ಸುಣ್ಣದಂತೆ ಬಿಳಿಚಿಕೊಳ್ಳತೊಡಗಿದ್ದವು. ಹವಳದ ಮೈಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಹವಳದ ಬಣ್ಣ ಅದರದೇ, ಅದು ತಯಾರಿಸುವ ಆಹಾರವೇ ಹವಳಕ್ಕೆ ಅನ್ನ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನೇ ಹೊರಗೆ ಹಾಕುತ್ತದೆ. ಬೇಗ ತಂಪಾದರೆ ಚೇತರಿಸಿಕೊಂಡೀತು, ಇಲ್ಲವಾದರೆ ಹಸಿದು ಸಾಯುತ್ತದೆ. ದಿಬ್ಬದ ಒಳಬದಿಯ ಆಳವಿಲ್ಲದ ನೀರಿನಲ್ಲಿ, ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ ನಮಿತಾ ಬೆಳೆಸಿದ್ದ ಎಳೆ ಹವಳಗಳೂ ಬಣ್ಣ ಕಳೆದುಕೊಳ್ಳುತ್ತಿದ್ದವು.

ದಡಕ್ಕೆ ಬಂದವಳೇ ತಂಡದ ಮುಖ್ಯಸ್ಥೆ ಧಾತ್ರಿಯವರನ್ನು ಹಿಡಿದುಕೊಂಡಳು. ಧಾತ್ರಿ ಮೈಸೂರಿನವರು, ಆಂಟಾಪ್ ಹಿಲ್‌ನಲ್ಲಿ ಮನೆ, ನಿಧಾನದ ಮನುಷ್ಯೆ.

"ಮೇಡಂ, ಚೌಕಟ್ಟುಗಳನ್ನ ದಿಬ್ಬದ ಹೊರಗಿನ ಇಳಿಜಾರಿಗೆ ಸಾಗಿಸುವ. ಮಳೆಗಾಳಿ ಶುರುವಾದ್ರೆ ಆಳದ ತಣ್ಣೀರು ಮೊದಲು ಏಳುವುದು ಅಲ್ಲಿಯೇ ಅಲ್ವಾ?"

"ಅಲೆ ಹೊಡೆಯೋದೂ ಮೊದಲು ಅಲ್ಲೇ ಕಣೇ. ಅಲ್ಲದೆ ಆಳದಿಂದ ಬರೋ ನೀರಲ್ಲಿ ಆಮ್ಲಜನಕ ಕಮ್ಮಿ. ಬಿಸಿಯಿಂದ ತಪ್ಪಿಸಿ ಉಸಿರು ಕಟ್ಟಿಸೋಣ್ವಾ?"

"ಇಲ್ಲೇ ಬಿಟ್ರೆ ಬೇಯುವುದು ಖಂಡಿತ. ಅಲ್ಲಿ ಉಳಿಯಲೂಬಹುದು."

ಧಾತ್ರಿ ಚೌಕಟ್ಟುಗಳ ಪಟ್ಟಿ ತೆಗೆದು ಅದರ ನಡುವೆ ಒಂದು ಗೆರೆ ಎಳೆದರು. "ಅರ್ಧ ಸಾಗಿಸು. ಅರ್ಧ ಇಲ್ಲೇ ಇರಲಿ. ಹಾಳಾದ್ರೆ ಇಬ್ರೂ ಸೇರಿ ಉತ್ತರ ಕೊಡೋಣ" ಎಂದರು.

ಚೌಕಟ್ಟುಗಳನ್ನು ಸಾಗಿಸಿ, ಹಗ್ಗ ಬಿಗಿದು, ಎರಡೂ ಕಡೆ ತಾಪಮಾನ ಅಳೆಯುವ ಯಂತ್ರ ಕೂರಿಸಿ ಮುಂಬಯಿಗೆ ಮರಳಿದ ಮೇಲೆ ಮಳೆ ಹಿಡಿಯಿತು. ದೋಣಿಗಳು ನಿಂತವು. ಇನ್ನು ಮಳೆಗಾಲ ಮುಗಿಯುವವರೆಗೆ ಅಲ್ಲಿ ಏನಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಉಪಗ್ರಹದ ನಕ್ಷೆಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು; ಅದು ಹೇಳುವುದು ನೀರಿನ ಮೇಲ್ಮೈಯ ಬಿಸಿ ಮಾತ್ರ, ಅದಕ್ಕೂ ಮೋಡ ಅಡ್ಡ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಬಳಿ ನಿಲ್ಲುವಳು. ಕೆಲವು ಸಂಜೆ ಒಂದು ಸ್ಟೇಷನ್ ಮೊದಲೇ, ಕಾಂದಿವಲಿಯಲ್ಲಿ ಇಳಿದು, ನೆನೆಯುತ್ತ ಬೊರಿವಲಿಯವರೆಗೆ ನಡೆದೇ ಬರುವಳು. ಸುಮ್ಮನೆ ಇದ್ದಲ್ಲೇ ಬಿಟ್ಟಿದ್ದರೆ ಸಮುದ್ರದ ಮೇಲೆ ತಪ್ಪು ಹಾಕಬಹುದಿತ್ತು. ಈಗ ತಾನೇ ಕೈಹಾಕಿ ಎತ್ತಿಟ್ಟಾಗಿತ್ತು.

ಒಂದು ಭಾನುವಾರ ಹೋಟೆಲಿನಲ್ಲಿ ಜನ ಜಾಸ್ತಿಯಾಗಿ ಅಣ್ಣು ಅವಳನ್ನು ಕಾಫಿ ಹಾಕಲು ನಿಲ್ಲಿಸಿದರು. ಲೋಟ ತುಂಬಿ ಚೆಲ್ಲಿತು. ಅವಳ ಕಣ್ಣು ಎದುರಿನ ಬಿಲ್ಡಿಂಗಿನ ಮೇಲೆ ಪಟಪಟನೆ ಹೊಡೆದುಕೊಳ್ಳುತ್ತಿದ್ದ ಟಾರ್ಪಾಲಿನಲ್ಲಿತ್ತು.

"ಎಂತ ನೋಡ್ತಿ ಅಲ್ಲಿ?" ಅಣ್ಣು ಬಟ್ಟೆ ತಂದು ಒರೆಸಿದರು.

"ಗಾಳಿ. ದಡದ ಉದ್ದಕ್ಕೂ ಬಲವಾಗಿ ಬೀಸಿದ್ರೆ ಮೇಲಿನ ಬಿಸಿನೀರು ಆಚೆ ಸರೀತದೆ ಅಪ್ಪ. ಆ ಜಾಗಕ್ಕೆ ಅಡಿಯ ತಣ್ಣೀರು ಬರ್ತದೆ."

"ಬಂದಿರ್ತದಾ?"

"ಬರಬೇಕು."

"ಈಗ ನಿನ್ನ ಕೈಯಲ್ಲಿ ಮಾಡ್ಲಿಕ್ಕೆ ಏನಾದ್ರೂ ಉಂಟಾ?"

"ಇಲ್ಲ. ಅದೇ ಆಗುವುದಿಲ್ಲ ನಂಗೆ."

ಅಣ್ಣು ಅವಳನ್ನು ಒಳಗೆ ಕರೆದುಕೊಂಡು ಹೋಗಿ ತೆಂಗಿನಕಾಯಿ ರಾಶಿಯ ಮುಂದೆ ಬಿಟ್ಟರು. ಆ ದಿನದ ಚಟ್ನಿಗೆ ಬೇಕಾದ ಕಾಯನ್ನೆಲ್ಲ ಅವಳೇ ತುರಿದಳು.

ಸಮುದ್ರ ಶಾಂತವಾದ ಮೇಲೆ ಧಾತ್ರಿಯವರ ಜೊತೆ ಹೋಗಿ ಮೊದಲು ಒಳಬದಿಗೆ ಇಳಿದಳು. ಚೌಕಟ್ಟುಗಳು ಇಟ್ಟಲ್ಲೇ ಅಚ್ಚುಕಟ್ಟಾಗಿ ನಿಂತಿದ್ದವು. ಹವಳಗಳೆಲ್ಲ ಸತ್ತು, ಮೇಲೆ ಕೊಳಕು ಹಸಿರು ಪಾಚಿ ಹಬ್ಬಿತ್ತು. ಹೊರಗಿನ ಇಳಿಜಾರಿನಲ್ಲಿ ಎಲ್ಲವೂ ಚೆಲ್ಲಾಪಿಲ್ಲಿ. ಒಂದು ಚೌಕಟ್ಟು ಎಲ್ಲಿ ಹೋಯಿತೋ ಕಾಣಲೇ ಇಲ್ಲ, ಇನ್ನೊಂದು ಮಗುಚಿ ಅದರಡಿಯ ಹವಳ ಪುಡಿಯಾಗಿತ್ತು. ಆದರೆ ಓರೆಯಾಗಿ ನಿಂತವುಗಳ ಮೇಲೆ ಕಂದು ಬಣ್ಣ ಮರಳಿತ್ತು. ನಮಿತಾ ಅವುಗಳ ಮುಂದೆ ತೇಲುತ್ತ ನಿಂತುಬಿಟ್ಟಳು. ಬೆನ್ನಿನ ಸಿಲಿಂಡರಿನ ಗಾಳಿ ಮುಗಿಯುತ್ತ ಬಂತು ಎಂದು ಧಾತ್ರಿ ತೋಳು ಹಿಡಿದು ಮೇಲಕ್ಕೆ ಎಳೆದರು.

ಯಂತ್ರಗಳನ್ನು ತೆರೆದಾಗ, ಇಳಿಜಾರಿನ ನೀರು ಮಳೆ ಶುರುವಾದ ಸ್ವಲ್ಪ ದಿನಕ್ಕೇ ತಣ್ಣಗಾದದ್ದು ತಿಳಿಯಿತು. ಒಳಬದಿಗೆ ಆ ತಂಪು ತಲುಪುವಾಗ ತೀರಾ ತಡವಾಗಿತ್ತು.

"ಎಲ್ಲಾನೂ ಸಾಗಿಸಬೇಕಿತ್ತು ಅನ್ಸುತ್ತಾ?" ದೋಣಿಯಲ್ಲಿ ಧಾತ್ರಿ ಕೇಳಿದರು.

"ಇಲ್ಲ ಮೇಡಂ. ಅರ್ಧ ಒಳಗೆ ಇದ್ದದ್ದಕ್ಕೇ ವ್ಯತ್ಯಾಸ ಗೊತ್ತಾದದ್ದು" ಎಂದಳು. ಬಾಯಿ ಹಾಗೆ ಹೇಳಿತು, ಮನಸ್ಸು ಒಪ್ಪಲಿಲ್ಲ.

ಬೊರಿವಲಿಗೆ ಬಂದ ದಿನ ಅಣ್ಣು ಗೋಳಿಬಜೆ ತಟ್ಟೆ ಮುಂದಿಟ್ಟು, "ಬದುಕಿದ್ದಾವಾ?" ಎಂದು ಕೇಳಿದರು.

"ಕೆಲವು."

ಅವರಿಗೆ ಅಷ್ಟೇ ಸಾಕಾಯಿತು, ಅಡುಗೆಮನೆಗೆ ಹೋಗಿ ಎಲ್ಲರಿಗೂ ಹೇಳಿದರು. ತಿರುಗಿ ಬರುವಷ್ಟರಲ್ಲಿ ನಮಿತಾ ಫೋನಿನಲ್ಲಿದ್ದಳು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ವೆಲ್ಡಿಂಗ್ ಅಂಗಡಿಯವನಿಗೆ, ಅಲೆಗೆ ಮಗುಚದಂಥ ಭಾರದ ಚೌಕಟ್ಟು ಎಷ್ಟು ಬೇಗ ಮಾಡಿಕೊಡಲಾದೀತು ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು.